ಹಾವುರಾಣಿ ಯಾವ ಸಮಾಸ?

ಗೆಳೆಯರೇ, ವ್ಯಾಕರಣದ ಲೇಖನ ಅಂತ ಪುಟ ಮಗುಚಬೇಡಿ. ಇದರಲ್ಲಿ ಒಂದು ಕೊಲೆಯೂ ಉಂಟು.

ಬಾಲಾನಗರದಲ್ಲಿ ನನ್ನ ಸೋದರಮಾವನದೊಂದು ಸಣ್ಣ ಲೇತ್ ಶೆಡ್ ಇದೆ. ಹೈದರಾಬಾದಿನ ಆ ಭಾಗವನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ನೋಡದವರಿಗೆ ಇಷ್ಟು ಸಾಕು: ಗಲ್ಲಿ ತುಂಬ ಶೆಡ್ಡುಗಳು, ಒಂದೊಂದು ಶೆಡ್ಡಿಗೆ ಎರಡು ಮೂರು ಯಂತ್ರ, ಹಗಲೆಲ್ಲಾ ಕಬ್ಬಿಣ ಹೆರೆಯುವ ಸದ್ದು. ಆದರೆ ಆ ಕಡೆಗೇ ಐಡಿಪಿಎಲ್ ಔಷಧ ಕಾರ್ಖಾನೆಯ ದೊಡ್ಡ ಆವರಣವೂ ಇದೆ. ಕಂಪನಿ ಹುಟ್ಟಿದ್ದು 1961ರಲ್ಲಿ. ಔಷಧ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು, ಗಿಡಮರ ಮಾತ್ರ ನಿಲ್ಲದೆ ಬೆಳೆದವು. ಹಾಗಾಗಿ ಅಷ್ಟೊಂದು ಕಬ್ಬಿಣದ ನಡುವೆಯೂ ಒಂದಿಷ್ಟು ಹುಲ್ಲು, ಒಂದಿಷ್ಟು ಹುಳಹುಪ್ಪಟೆ, ಅವನ್ನು ತಿನ್ನುವ ಜೀವಗಳು ಉಳಿದುಕೊಂಡಿವೆ.

ಹೋದ ಮಳೆಗಾಲದ ಒಂದು ಬೆಳಿಗ್ಗೆ ಮಾವನ ಲೆಕ್ಕ ಬರೆದುಕೊಡಲು ಹೋಗಿದ್ದೆ. ರಾತ್ರಿಯೆಲ್ಲಾ ಸುರಿದು ಆಗತಾನೇ ಬಿಸಿಲು ಬಿದ್ದಿತ್ತು. ಶೆಡ್ಡಿನ ಹಿಂದೆ, ಲೇತ್ ಹೆರೆದು ಬಿಸಾಕಿದ ಕಬ್ಬಿಣದ ಸುರುಳಿಗಳ ರಾಶಿಯ ಮೇಲೆ, ಒಂದು ಪ್ರಾಣಿ ಮೈ ಕಾಯಿಸಿಕೊಳ್ಳುತ್ತಿತ್ತು. ಕಂಚಿನ ಬಣ್ಣದ ಬೆನ್ನು. ಎಣ್ಣೆ ಹಚ್ಚಿ ಒರೆಸಿದ ಹಾಗೆ ಮಿಂಚು. ಪಕ್ಕೆಯಲ್ಲಿ ಗಾಢ ಕಂದು ಪಟ್ಟೆ, ಅದರ ಮೇಲಂಚಿಗೆ ಒಂದು ತಿಳಿ ಗೆರೆ. ನಾನು ಬಗ್ಗಿ ನೋಡುತ್ತಿದ್ದೆ.

ಶೆಡ್ಡಿನಲ್ಲಿ ರಾಯಚೂರು ಕಡೆಯ ಹಿರಿಯ ಟರ್ನರ್ ಒಬ್ಬರಿದ್ದಾರೆ, ನಾನು ಅವರನ್ನು ಕಾಕಾ ಅಂತೀನಿ. ‘ಏ ತಮ್ಮಾ, ಸರಿ ಅತ್ಲಾಗ! ಹಾವರಾಣಿ ಅದ ಅಲ್ಲಿ!’ ಅಂದವರೇ ಸಲಾಕೆ ಎತ್ತಿ ಒಂದೇ ಏಟು ಕೊಟ್ಟರು. ಬಾಲ ಬೇರೆ, ದೇಹ ಬೇರೆ. ದೇಹ ಸುಮ್ಮನಾಯಿತು. ಬಾಲ ಮಾತ್ರ ಸುಮಾರು ಹೊತ್ತು ಕುಣಿಯುತ್ತಲೇ ಇತ್ತು.

‘ಯಾಕ್ ಹೊಡದ್ರಿ ಕಾಕಾ?’

‘ಅದು ನೆಕ್ಕಿದ್ರ ಮನಷ್ಯಾ ನೀರು ಬೇಡಂಗಿಲ್ಲ ತಮ್ಮಾ. ಹೆಸರಾಗೇ ಅದ ನೋಡು. ಹಾವುಗೋಳಿಗೆಲ್ಲಾ ರಾಣಿ ಅದು.’

ಇಲ್ಲಿಗೆ ನನ್ನ ಬಾಯಿ ಕಟ್ಟಿಹೋಯಿತು. ಯಾಕೆಂದರೆ ನಾವು ಸಂಘದಲ್ಲಿ ಸಮಾಸ ಬಿಡಿಸುವ ಆಟ ಆಡುತ್ತೇವಲ್ಲ, ಅದರಲ್ಲಿ ನಾನೇ ಒಮ್ಮೆ ಈ ಪದ ಬಿಡಿಸಿದ್ದೆ. ಹಾವುಗಳ ರಾಣಿ, ಹಾವುರಾಣಿ, ತತ್ಪುರುಷ ಸಮಾಸ. ಎಲ್ಲರೂ ಸರಿ ಅಂದಿದ್ದರು. ಕಾಕಾ ಅವರೂ ಅದೇ ವಿಗ್ರಹವಾಕ್ಯ ಹೇಳಿದರು, ಸಲಾಕೆ ಕೈಯಲ್ಲಿ ಹಿಡಿದು.

ಸತ್ತ ಮೇಲೆ ಜನ ಸೇರಿದರು. ಬಿಹಾರದಿಂದ ಬಂದ ಹುಡುಗ ‘ಸಾಂಪ್ ಕೀ ಮೌಸಿ’ ಅಂದ, ಅಂದರೆ ಹಾವಿನ ಚಿಕ್ಕಮ್ಮ. ನಾಂದೇಡ ಕಡೆಯ ಮರಾಠಿ ಫಿಟ್ಟರ್ ‘ಸಾಪಸುರಳಿ’ ಅಂದರು. ಚಹಾ ತರುವ ತೆಲುಗಿನ ಅಮ್ಮ ‘ನಲಿಕಿರಿ’ ಅಂದು, ‘ನಲಿಕಂಡ್ಲ ಪಾಮು ಅಂತಲೂ ಅಂತಾರೆ ಬಾಬು’ ಅಂತ ಸೇರಿಸಿದರು. ಹಾವು, ಸಾಂಪ್, ಸಾಪ, ಪಾಮು. ಭಾಷೆ ನಾಲ್ಕು, ನಾಲ್ಕರಲ್ಲೂ ಆ ಪ್ರಾಣಿಯ ಕುತ್ತಿಗೆಗೆ ಹಾವನ್ನು ಕಟ್ಟಿದ್ದಾರೆ. ನಾನು ಹೆಸರುಗಳನ್ನು ಬಿಲ್ಲಿನ ಹಿಂಬದಿ ಬರೆದುಕೊಳ್ಳುತ್ತಿದ್ದರೆ ಮಾವ ಗದರಿಕೊಂಡರು: ‘ಸತ್ತದ್ದು ಸತ್ತಿತು, ಅದರ ಹೆಸರು ಕಟ್ಟಿಕೊಂಡು ನಿನಗೇನು?’ ಕನ್ನಡ ಎಂ.ಎ. ಓದೋನಿಗೆ ಹೆಸರು ಬಿಟ್ಟು ಕಟ್ಟಿಕೊಳ್ಳೋಕೆ ಇನ್ನೇನಿದೆ ಹೇಳಿ.

ಮಾರನೇ ವಾರ ಲೈಬ್ರರಿಯಲ್ಲಿ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶ ತೆಗೆದೆ. ಮೊದಲು 1961ರಲ್ಲಿ, ತಿದ್ದಿ ಬೆಳೆಸಿದ ಎರಡನೇ ಆವೃತ್ತಿ 1984ರಲ್ಲಿ ಬಂದ ಪುಸ್ತಕ. ಭಾಷಾವಿಜ್ಞಾನದ ಪತ್ರಿಕೆ ತೆಗೆದುಕೊಂಡವರೆಲ್ಲ ಅದರ ಬೆನ್ನಾದರೂ ನೋಡಿರುತ್ತೀರಿ. ಅದರಲ್ಲಿ ತಮಿಳಿನ ಅರಣೈ, ಮಲಯಾಳದ ಅರಣ, ತುಳುವಿನ ಅರಣೆ ಒಂದೇ ಸಾಲಿನಲ್ಲಿ ಕೂತಿವೆ. ಅವುಗಳ ಜೊತೆ ಕನ್ನಡದಿಂದ ಮೂರು ರೂಪ: ಅರಣೆ, ರಾಣೆ, ರಾಣಿ. ಮೂರಕ್ಕೂ ಒಂದೇ ಅರ್ಥ, ಹಲ್ಲಿಯ ಜಾತಿಯ ಒಂದು ಪ್ರಾಣಿ, ನೆಕ್ಕಿ ವಿಷವೇರಿಸುತ್ತದೆಂದು ಜನ ಹೇಳುವಂಥದ್ದು.

ಅಂದರೆ ಈ ‘ರಾಣಿ’ ಅರಮನೆಯ ರಾಣಿಯಲ್ಲ! ಅರಮನೆಯ ರಾಣಿ ಸಂಸ್ಕೃತದ ‘ರಾಜ್ಞೀ’ಯಿಂದ ಬಂದ ತದ್ಭವ. ಈ ರಾಣಿ ‘ಅರಣೆ’ಯಿಂದ ಹುಟ್ಟಿದ ಅಚ್ಚ ದ್ರಾವಿಡದವಳು. ಇಬ್ಬರೂ ಬೇರೆ ಬೇರೆ ಊರಿಂದ ಹೊರಟು ಒಂದೇ ಉಚ್ಚಾರಣೆಯ ಛತ್ರದಲ್ಲಿ ತಂಗಿದ್ದಾರೆ, ಅಷ್ಟೇ.

ಅರಣೆ ರಾಣೆ ಆದದ್ದು ಹೇಗೆ ಅಂತ ಕೇಳಿದರೆ ಹೈದರಾಬಾದಿನ ಕನ್ನಡ ವಿದ್ಯಾರ್ಥಿಗೆ ಉತ್ತರ ಸಿಟಿ ಬಸ್ಸಿನಲ್ಲೇ ಸಿಗುತ್ತದೆ. ನಾವು ‘ಅವರು’ ಅಂತೀವಿ, ಪಕ್ಕದಲ್ಲಿ ಕೂತವರು ‘ವಾರು’ ಅಂತಾರೆ. ನಮ್ಮ ‘ಒರಳು’ ಅವರಿಗೆ ‘ರೋಲು’. ನಮ್ಮ ‘ಎಳೆ’ ಕಾಯಿ ಅವರಿಗೆ ‘ಲೇತ’. ಕಂಡಕ್ಟರ್ ‘ರೆಂಡು’ ಅಂದಾಗ ನಾವು ‘ಎರಡು’ ಅಂತ ತಿಳಿದುಕೊಳ್ಳುತ್ತೇವೆ. ಪದದ ಮೊದಲ ಸ್ವರ ಜಾಗ ಬಿಟ್ಟು ಮುಂದಿನ ವ್ಯಂಜನದ ಹಿಂದೆ ಹೋಗಿ ಕೂಡುತ್ತದೆ, ಕೂಡಿದಲ್ಲಿ ಬಹುಮಟ್ಟಿಗೆ ದೀರ್ಘವಾಗುತ್ತದೆ. ಅವರು–ವಾರು, ಅರಣೆ–ರಾಣೆ: ಒಂದರ ಪಕ್ಕ ಒಂದಿಟ್ಟು ನೋಡಿ, ಅಚ್ಚು ಒಂದೇ. ತೆಲುಗಿನಲ್ಲಿ ಇದು ನಿತ್ಯದ ವ್ಯವಹಾರ, ಕನ್ನಡದಲ್ಲಿ ಅಪರೂಪ. ಆದರೆ ಈ ಪ್ರಾಣಿಯ ಹೆಸರಿನ ವಿಷಯದಲ್ಲಿ ಕನ್ನಡವೂ ಆ ದಾರಿ ತುಳಿದಿದೆ. ಆಮೇಲೆ ಕೊನೆಯ ಎಕಾರ ಇಕಾರವಾಗಿ ‘ರಾಣಿ’ ಆದ ಗಳಿಗೆ ಅರ್ಥದ ಕಳ್ಳ ಒಳಗೆ ನುಗ್ಗಿದ. ಕಿವಿಗೆ ಪರಿಚಯದ ಪದ ಬಿದ್ದರೆ ಮನಸ್ಸು ಪರಿಚಯದ ಅರ್ಥವನ್ನೇ ಹಚ್ಚುತ್ತದೆ. ಇದಕ್ಕೆ ಜನಪದ ನಿರುಕ್ತಿ ಅಂತ ಪಾಠದಲ್ಲಿ ಓದಿದ್ದೇವೆ. ಓದಿದ್ದು ಪರೀಕ್ಷೆಗೆ, ಬಾಲಾನಗರಕ್ಕಲ್ಲ.

ಇನ್ನು ಕಾಕಾ ಅವರ ಬಾಯಲ್ಲಿ ಬಂದ ರೂಪ ನೋಡಿ. ಅವರು ‘ಹಾವುರಾಣಿ’ ಅನ್ನಲಿಲ್ಲ, ‘ಹಾವರಾಣಿ’ ಅಂದರು. ನಾವು ಅದನ್ನು ಹಳ್ಳಿಯವರ ಸಡಿಲ ಉಚ್ಚಾರ ಅಂತ ತಿದ್ದಲು ಹೋಗುತ್ತೇವೆ. ನನಗೆ ಅದೇ ಹಳೆಯದನ್ನು ಕಾಪಾಡಿಕೊಂಡಿದೆ ಅನ್ನಿಸುತ್ತದೆ. ಹಾವು + ಅರಣೆ, ಲೋಪಸಂಧಿ ಮಾಡಿ: ಹಾವರಣೆ. ಊರು + ಅಲ್ಲಿ, ಊರಲ್ಲಿ ಆದ ಹಾಗೆ. ಹಾವರಣೆಯಿಂದ ಹಾವರಾಣಿಗೆ ಒಂದು ಹೆಜ್ಜೆ. ಇದು ನನ್ನ ಊಹೆ, ಕೋಶಕಾರರ ಮೇಲೆ ಹೊರಿಸುವುದಿಲ್ಲ. ನಿಮ್ಮ ನಿಮ್ಮ ಊರುಗಳಲ್ಲಿ ಹಿರಿಯರು ಯಾವ ರೂಪ ಹೇಳುತ್ತಾರೆಂದು ಕೇಳಿ ಬಂದರೆ ಒಂದು ಸಂಜೆಯ ಚರ್ಚೆಗೆ ಆಗುತ್ತದೆ.

ಹಾಗಾದರೆ ಸಮಾಸ ಯಾವುದು? ಹಾವಿನಂತಹ ಅರಣೆ. ಕರ್ಮಧಾರಯ. ಅಡಿದಾವರೆಯಲ್ಲಿ ಹೋಲಿಕೆ ಇದೆಯಲ್ಲ, ಇಲ್ಲೂ ಹೋಲಿಕೆಯೇ, ಪದಗಳ ಕ್ರಮ ಮಾತ್ರ ತಿರುವುಮುರುವು. ತತ್ಪುರುಷ ಮಾಡಿದರೆ ಪ್ರಾಣಿ ಹಾವುಗಳ ಒಡತಿಯಾಗುತ್ತದೆ. ಕರ್ಮಧಾರಯ ಮಾಡಿದರೆ ಹಾವಿನ ಹಾಗೆ ಕಾಣುವ, ಹಾವಲ್ಲದ ಒಂದು ಬಡಪ್ರಾಣಿಯಾಗುತ್ತದೆ.

ಕೇರಳದವರ ಬಳಿ ಇನ್ನೂ ಹರಿತವಾದದ್ದೊಂದಿದೆ. ಅರಣ ಕಚ್ಚಿದರೆ ಉಡನೆ ಮರಣ ಅಂತ ಅವರಲ್ಲಿ ಗಾದೆ. ಅರಣ, ಮರಣ: ಆದಿಪ್ರಾಸವೂ ಆಯಿತು, ಅಂತ್ಯಪ್ರಾಸವೂ ಆಯಿತು. ಇಷ್ಟು ಚೆಂದ ಕೂಡಿದ ಮೇಲೆ ಸುಳ್ಳಿರಬಹುದೆಂದು ಯಾರಿಗೆ ಅನುಮಾನ ಬಂದೀತು? ವಿಚಿತ್ರವೆಂದರೆ ಆ ಕಡೆಯವರೇ ಇನ್ನೊಂದು ಮಾತೂ ಹೇಳುತ್ತಾರೆ. ಅರಣೆ ಕಚ್ಚಲೆಂದು ಹೊರಡುತ್ತದಂತೆ, ಬರುವಷ್ಟರಲ್ಲಿ ಯಾಕೆ ಬಂದೆನೆಂದು ಮರೆತು ವಾಪಸು ಹೋಗುತ್ತದಂತೆ. ಕಚ್ಚಿದ್ದನ್ನು ಯಾರೂ ಕಂಡಿಲ್ಲ, ಆದರೂ ಗಾದೆ ಬಿಡಬಾರದು. ಆ ಇಕ್ಕಟ್ಟಿನಿಂದ ಹುಟ್ಟಿದ ಕತೆ ಇದು ಅಂತ ನನ್ನ ಅಂದಾಜು. ನಮ್ಮ ಮರೆವಿನ ಆರೋಪವನ್ನೂ ಅದರ ತಲೆಗೇ ಕಟ್ಟಿದ್ದೇವೆ.

ಈಗ ಪ್ರಾಣಿಯನ್ನೇ ನೋಡೋಣ. ವಿಜ್ಞಾನಿಗಳು ಸ್ಕಿಂಕ್ ಅನ್ನುವ ದೊಡ್ಡ ಕುಟುಂಬ ಇದು. ಜಗತ್ತಿನಲ್ಲಿ 1,700ಕ್ಕೂ ಹೆಚ್ಚು ಜಾತಿಗಳಿವೆ. ಒಂದಕ್ಕೂ ವಿಷವಿಲ್ಲ. ಹಿಡಿದರೆ ಚಿವುಟಿದ ಹಾಗೆ ಕಚ್ಚೀತು, ಅಷ್ಟೇ. ನಾಲಗೆ ಹೊರಹಾಕುವುದು ನೆಕ್ಕಿ ಸಾಯಿಸಲಿಕ್ಕಲ್ಲ, ವಾಸನೆ ಹಿಡಿಯಲಿಕ್ಕೆ. ಆ ನಾಲಗೆಯೇ ‘ನೆಕ್ಕುವ’ ಕತೆಗೆ ಮೂಲವಾಗಿರಬೇಕು. ಹಾವಿಗೆ ಕಣ್ಣು ಮುಚ್ಚಲು ಬರುವುದಿಲ್ಲ, ಹೊರಗಿವಿಯ ತೂತೂ ಇಲ್ಲ. ನಮ್ಮ ಶೆಡ್ಡಿನ ಹಾವುರಾಣಿಗೆ ರೆಪ್ಪೆ ಉಂಟು, ಕಣ್ಣಿನ ಹಿಂದೆ ಕಿವಿಯ ತೂತು ಉಂಟು, ನಾಲ್ಕು ಕಾಲು ಉಂಟು. ಬಾಲ ಸೇರಿ ಒಂದಡಿಗೆ ಹತ್ತಿರ ಬೆಳೆಯುತ್ತದೆ. ಜಿರಳೆ, ಮಿಡತೆ, ಚಿಮ್ಮಂಡೆ ತಿಂದು ಬದುಕುತ್ತದೆ. ಬಾಲದ ಎಲುಬುಗಳಲ್ಲಿ ಮುರಿಯಲೆಂದೇ ಸಂದು ಇರುತ್ತವೆ. ಶತ್ರು ಹಿಡಿದರೆ ಬಾಲ ಬಿಟ್ಟುಕೊಟ್ಟು ಓಡುತ್ತದೆ. ಕುಣಿಯುವ ಬಾಲವನ್ನು ಶತ್ರು ನೋಡುತ್ತಾ ನಿಲ್ಲುತ್ತದೆ, ನಾನು ನಿಂತ ಹಾಗೆ. ಹೊಸ ಬಾಲ ಬರುತ್ತದೆ, ಆದರೆ ಅದರೊಳಗೆ ಎಲುಬಿನ ಬದಲು ಮೃದ್ವಸ್ಥಿಯ ಕೋಲು. ಸಲಾಕೆಗೆ ಈ ಉಪಾಯ ನಡೆಯುವುದಿಲ್ಲ.

ಪ್ರಾಣಿಶಾಸ್ತ್ರದ ಗೆಳೆಯನನ್ನು ಕೇಳಿದೆ. ಅವನು ಲ್ಯಾಬಿನ ಜಾಡಿ ತೋರಿಸಿದ. ಚೀಟಿಯ ಮೇಲೆ ‘ಮಬೂಯ ಕ್ಯಾರಿನೇಟ’ ಅಂತ ಇತ್ತು. ಇದನ್ನು ಮೊದಲು ವರ್ಣಿಸಿದ್ದು 1801ರಲ್ಲಿ ಶ್ನೈಡರ್ ಎಂಬ ಜರ್ಮನ್ ವಿದ್ವಾಂಸ. ಹುರುಪೆಗಳ ಮೇಲೆ ಸಣ್ಣ ಏಣುಗಳಿರುವುದರಿಂದ ‘ಕ್ಯಾರಿನೇಟ’. ‘ಚೀಟಿ ಹಳೇದು, ಈಗ ಅದು ಮಬೂಯ ಅಲ್ಲ, ಯೂಟ್ರೋಪಿಸ್’ ಅಂದ. ಆಫ್ರಿಕ, ಏಷ್ಯ, ಅಮೆರಿಕದ ಹಾವುರಾಣಿಗಳನ್ನೆಲ್ಲಾ ಬಹಳ ಕಾಲ ಮಬೂಯ ಎಂಬ ಒಂದೇ ಚೀಲಕ್ಕೆ ತುಂಬಿದ್ದರಂತೆ. 2002ರಲ್ಲಿ ಆ ಚೀಲ ಬಿಚ್ಚಿ ನಾಲ್ಕು ಪಾಲು ಮಾಡಿದಾಗ ಹಳೇ ಹೆಸರು ಅಮೆರಿಕದವಕ್ಕೆ ಉಳಿಯಿತು, ನಮ್ಮದಕ್ಕೆ ಯೂಟ್ರೋಪಿಸ್ ಬಂತು. ಲ್ಯಾಟಿನ್ ಬಲ್ಲವರೂ ಹೆಸರಿನ ವಿಷಯದಲ್ಲಿ ಎಡವುತ್ತಾರೆಂದು ನನಗೆ ಸ್ವಲ್ಪ ಸಮಾಧಾನವಾಯಿತು.

ಆದರೆ ಅವನು ಆಮೇಲೆ ಹೇಳಿದ ಪೆಸಿಫಿಕ್ ಸಾಗರದ ಸಂಗತಿ ಕೇಳಿ ಆ ಸಮಾಧಾನ ಉಳಿಯಲಿಲ್ಲ.

ಪೆಸಿಫಿಕ್ಕಿನ ಉಷ್ಣವಲಯದ ದ್ವೀಪಗಳು ಸ್ಕಿಂಕ್‌ಗಳ ನಾಡು. ತೇಲುವ ಮರದ ದಿಮ್ಮಿಗಳ ಮೇಲೆ ಕೆಲವು ಬಂದಿರಬಹುದು, ಮನುಷ್ಯರ ದೋಣಿಗಳಲ್ಲಿ ಕೆಲವು ಬಂದವು. ಲಿಪಿನಿಯ ನಾಕ್ಟುವ ಅಂತ ಒಂದು ಸಣ್ಣ ಕಾಡಿನ ಜಾತಿ ಇದೆ, ಮೊಟ್ಟೆಯಿಡದೆ ಮರಿ ಹಾಕುವಂಥದ್ದು. ಅದರ ತಳಿದ್ರವ್ಯವನ್ನು ದ್ವೀಪದಿಂದ ದ್ವೀಪಕ್ಕೆ ಹೋಲಿಸಿ ಕ್ರಿಸ್ಟೋಫರ್ ಆಸ್ಟಿನ್ ಎಂಬುವರು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಪಾಲಿನೀಷ್ಯದ ಜನ ದೋಣಿಯಲ್ಲಿ ಸಾಗರ ದಾಟಿದಾಗ ಇದೂ ಟಿಕೆಟ್ಟಿಲ್ಲದೆ ಜೊತೆಗೆ ಬೇಗ ಬೇಗ ದಾಟಿತು ಅಂತ. ಮನುಷ್ಯ ಹೋದಲ್ಲಿ ಅವನ ಪದಗಳೂ ಹೋಗುತ್ತವೆ, ಹಲ್ಲಿಗಳೂ ಹೋಗುತ್ತವೆ. ನಮ್ಮ ತಾತಂದಿರು ಬೀದರ ರಾಯಚೂರುಗಳಿಂದ ನಿಜಾಮರ ರಾಜಧಾನಿಗೆ ಬಂದಾಗ ‘ಹಾವರಾಣಿ’ಯನ್ನು ಬಾಯಲ್ಲಿ ತಂದ ಹಾಗೆ.

ಗೆಳೆಯ ಹೇಳಿದ್ದು ಬೇರೊಂದರ ಕತೆ. ಆ ದ್ವೀಪಗಳಲ್ಲಿ ನೀಲಿ ಬಾಲದ, ಬೆನ್ನ ಮೇಲೆ ತಿಳಿ ಪಟ್ಟೆಗಳ ಪುಟ್ಟ ಸ್ಕಿಂಕ್ ಉಂಟು. ಎಲ್ಲರೂ ಅದನ್ನು ಎಮೋಯ ಸಯನ್ಯೂರ ಅನ್ನುತ್ತಿದ್ದರು. ನಿಜದಲ್ಲಿ ಅಲ್ಲಿ ಎರಡು ಜಾತಿಗಳಿದ್ದವು. ಒಂದು ಬಿಸಿಲ ಬಯಲನ್ನು ಇಷ್ಟಪಡುತ್ತದೆ, ಇನ್ನೊಂದು ಹೆಚ್ಚಾಗಿ ಕಾಡಿನ ನೆರಳಲ್ಲಿರುತ್ತದೆ. ದೂರದಿಂದ ನೋಡಿದರೆ ಅವಳಿ. ಕಾಡಿನದಕ್ಕೆ 1898ರಲ್ಲೇ ವರ್ನರ್ ಎಂಬುವರು ‘ಇಂಪಾರ್’ ಅಂತ ಹೆಸರಿಟ್ಟಿದ್ದರು. ಆ ಹೆಸರು ಮೂಲೆಗೆ ಬಿದ್ದಿತ್ತು, ಎರಡನ್ನೂ ಒಂದೇ ಎಂದು ಎಣಿಸುತ್ತಿದ್ದರು. 1991ರಲ್ಲಿ ಇನೀಶ್ ಮತ್ತು ಜಗ್ ಎಂಬಿಬ್ಬರು ಇವು ಬೇರೆ ಬೇರೆ ಎಂದು ಬಿಡಿಸಿ ಹೇಳಿದರು.

ಬಿಡಿಸಿ ಹೇಳುವಷ್ಟರಲ್ಲಿ ಹವಾಯಿ ದ್ವೀಪಗಳಲ್ಲಿ ತಡವಾಗಿತ್ತು. ಅಲ್ಲಿ ಒಂದು ಕಾಲಕ್ಕೆ ಮಾಮೂಲಿಯಾಗಿದ್ದ ಇಂಪಾರ್ ಖಚಿತವಾಗಿ ಕೊನೆಗೆ ಕಂಡಿದ್ದು 1960ರ ದಶಕದಲ್ಲಿ, ಕೌವೈ ದ್ವೀಪದ ಕಡಲ ದಂಡೆಯಲ್ಲಿ. 1988ರಿಂದ 2008ರವರೆಗೆ ಮತ್ತೆ ಮತ್ತೆ ಹುಡುಕಿದರೂ ಒಂದೂ ಸಿಗಲಿಲ್ಲ. 2012ರಲ್ಲಿ ಅಲ್ಲಿಂದ ಅಳಿಯಿತೆಂದು ಬರೆದರು. ಬೇರೆ ದ್ವೀಪಗಳಲ್ಲಿ ಈಗಲೂ ಇದೆ. ಹೊರಗಿನಿಂದ ಬಂದ ದೊಡ್ಡತಲೆಯ ಇರುವೆಯೊಂದರ ಮೇಲೆ ಗುಮಾನಿ. ಆದರೆ ನನ್ನನ್ನು ಕಾಡಿದ್ದು ಇರುವೆಯಲ್ಲ. ಒಂದು ಪ್ರಾಣಿ ಕಣ್ಣೆದುರೇ ಇಲ್ಲವಾದರೂ ದಶಕಗಳ ಕಾಲ ಯಾರಿಗೂ ಗೊತ್ತಾಗಲಿಲ್ಲ, ಅದರ ಹೆಸರಿನ ಜಾಗದಲ್ಲಿ ಇನ್ನೊಂದರ ಹೆಸರು ಕೂತಿತ್ತು. ಸಂಶೋಧಕರು ಇದನ್ನು ಮರೆಯಲ್ಲಿ ನಡೆದ ಅಳಿವು ಅಂದಿದ್ದಾರೆ. ಅಲ್ಲಿ ಹೆಸರು ಪ್ರಾಣಿಯನ್ನು ಮುಚ್ಚಿಟ್ಟಿತು, ಇಲ್ಲಿ ಹೆಸರು ಪ್ರಾಣಿಗೆ ಇಲ್ಲದ ವಿಷ ತುಂಬಿತು.

ನಮ್ಮ ಪಶ್ಚಿಮ ಘಟ್ಟದಲ್ಲೂ ಕಾಡಿನ ಹಾವುರಾಣಿಗಳು ಎಷ್ಟೋ ಇವೆ. ರಿಸ್ಟೆಲ್ಲ ಅಂತ ಒಂದು ಕುಲ ಅಲ್ಲಿಗೇ ಸೀಮಿತ, ಬೆಕ್ಕಿನ ಹಾಗೆ ಉಗುರು ಒಳಗೆಳೆದುಕೊಳ್ಳುತ್ತದೆ. ಅವಕ್ಕೆಲ್ಲ ಕನ್ನಡದಲ್ಲಿ ಬೇರೆ ಬೇರೆ ಹೆಸರು ನಾನು ಕೇಳಿಲ್ಲ, ಕಂಡರೆ ಎಲ್ಲವೂ ಹಾವುರಾಣಿಯೇ. 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’ ಓದಿದ ಮೇಲೆ ಹಾರುವ ಓತಿಗಾಗಿ ಮರ ನೋಡದ ಕನ್ನಡ ವಿದ್ಯಾರ್ಥಿ ಇಲ್ಲ. ಹಾವುರಾಣಿಗೆ ಇನ್ನೂ ಅಂಥ ಅದೃಷ್ಟ ಬಂದಿಲ್ಲ.

ಇದನ್ನೆಲ್ಲಾ ಕಲಿತು ನಾನು ಭಾರಿ ಪಂಡಿತನ ಗತ್ತಿನಲ್ಲಿ ಶೆಡ್ಡಿಗೆ ಹೋದೆ. ಊಟದ ಹೊತ್ತು. ‘ಕಾಕಾ, ಅದು ರಾಣಿ ಅಲ್ರೀ, ಅರಣೆ. ಅದಕ್ಕ ವಿಷ ಇಲ್ಲ’ ಅಂತ ಶುರು ಮಾಡಿ ವಾರು, ರೋಲು ಎಲ್ಲಾ ಹೇಳಿದೆ. ಅವರು ರೊಟ್ಟಿ ಮುರಿಯುತ್ತಾ ಕೇಳಿದರು. ಎಲ್ಲಾ ಮುಗಿದ ಮೇಲೆ ಹೇಳಿದರು:

‘ನಮ್ಮ ತಂಗಿ ಒಬ್ಬಾಕಿ ಇದ್ಳು ತಮ್ಮಾ. ಆರು ವರ್ಷದಾಕಿ. ರಾತ್ರಿ ಹಾಲು ಕುಡದ್ಳು, ವಾಂತಿ ಭೇದಿ ಹತ್ತಿತು, ಬೆಳಕ ಹರಿಯೂದ್ರಾಗ ಹೋದ್ಳು. ಗಡಿಗಿ ಮ್ಯಾಲ ಮುಚ್ಚಳ ಇದ್ದಿದ್ದಿಲ್ಲ. ಹಾವರಾಣಿ ನೆಕ್ಕ್ಯದ ಅಂದ್ರು ಎಲ್ಲಾರೂ. ಮುಚ್ಚೂ ಕೆಲಸ ನಂದಿತ್ತು.’

ಏನು ಹೇಳಲಿ? ಆ ಹಾಲು ಕೆಟ್ಟಿರಬಹುದು, ನೀರು ಕೆಟ್ಟಿರಬಹುದು. ಅಂಥ ಒಂದು ರಾತ್ರಿಯಲ್ಲಿ ಮಗು ಸಾಯಲು ಹಾವುರಾಣಿ ಬೇಕಿಲ್ಲ. ಅದು ನನಗೆ ಗೊತ್ತಿತ್ತು. ಆದರೆ ಐವತ್ತು ವರ್ಷ ಒಬ್ಬ ಮನುಷ್ಯ ಹೊತ್ತು ತಂದದ್ದನ್ನು ಲೋಪಸಂಧಿ ಹೇಳಿ ಇಳಿಸಲು ಆಗಲಿಲ್ಲ. ಹಾವುರಾಣಿ ಅಲ್ಲವೆಂದರೆ ಮತ್ತೆ ಯಾರು ಎಂಬ ಪ್ರಶ್ನೆ ಬರುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಾಕಾ, ಆಗ ಊರಾಗ ಬ್ಯಾರೆ ಮಕ್ಕಳಿಗೂ ಹಂಗ ಆಗಿತ್ತೇನ್ರಿ?’ ಅಂತ ಕೇಳಿದೆ. ಅವರು ಯೋಚಿಸಿದರು. ‘ಆಗಿತ್ತು’ ಅಂದರು. ‘ಆ ಮಳಿಗಾಲದಾಗ ಇನ್ನಾ ಇಬ್ರು ಹೋದ್ರು.’ ಅಷ್ಟು ಹೇಳಿ ಕೈ ತೊಳೆಯಲು ಎದ್ದರು. ಮುಂದೆ ಆ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ದಸರೆ ಹತ್ತಿರ ಬಂದಾಗ ಅದೇ ಕಬ್ಬಿಣದ ರಾಶಿಯ ಮೇಲೆ ಇನ್ನೊಂದು ಹಾವುರಾಣಿ ಬಂದು ಕೂತಿತ್ತು. ಕಾಕಾ ಸಲಾಕೆ ಹಿಡಿದು ನಿಂತಿದ್ದರು. ನಾನು ಬಾಗಿಲಲ್ಲೇ ನಿಂತೆ, ಏನೂ ಅನ್ನಲಿಲ್ಲ. ಅವರು ಸಲಾಕೆಯಿಂದ ಪಕ್ಕದ ಖಾಲಿ ಡ್ರಮ್ಮಿಗೆ ಢಣ್ ಅಂತ ಒಂದು ಬಡಿದರು. ಹಾವುರಾಣಿ ಸುರುಳಿಗಳ ಸಂದಿಯಲ್ಲಿ ಇಳಿದುಹೋಯಿತು.

‘ಹೋಗ್ಲಿ’ ಅಂದರು. ‘ಆದ್ರ ನೀ ಮಾತ್ರ ಡಬ್ಬಿ ಮುಚ್ಚಳ ಗಟ್ಟಿ ಹಾಕು ತಮ್ಮಾ.’